ಒಂದೇ ಸಾಣೆ, ಎರಡು ಬೆಲೆ

2023ರ ಜೂನ್ ತಿಂಗಳಲ್ಲಿ ಅಮೆರಿಕಕ್ಕೆ ಭೇಟಿ ನೀಡಿದ ಪ್ರಧಾನಿ ನರೇಂದ್ರ ಮೋದಿಯವರು ಅಂದಿನ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಏಳೂವರೆ ಕ್ಯಾರೆಟ್ ತೂಕದ ವಜ್ರವೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದು ಯಾವ ಗಣಿಯಿಂದಲೂ ಬಂದದ್ದಲ್ಲ. ಭಾರತದ ಪ್ರಯೋಗಾಲಯವೊಂದರಲ್ಲಿ ಬೆಳೆಸಿ, ಇಲ್ಲಿಯ ಕುಶಲಕರ್ಮಿಗಳೇ ಸಾಣೆ ಹಿಡಿದದ್ದು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಉಡುಗೊರೆಗಳ ಪಟ್ಟಿಯಲ್ಲಿ ಅದರ ಬೆಲೆಯನ್ನು 20 ಸಾವಿರ ಡಾಲರ್ ಎಂದು ನಮೂದಿಸಿತು. ಅದೇ ತೂಕದ, ಅದೇ ಹೊಳಪಿನ ವಜ್ರ ಆಫ್ರಿಕದ ಗಣಿಯಿಂದ ಬಂದಿದ್ದರೆ ಬೆಲೆ ಇದರ ಹಲವು ಪಟ್ಟು ಇರುತ್ತಿತ್ತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಭೂತಗನ್ನಡಿ ಹಿಡಿದರೂ ತಿಳಿಯದು. ಸೂರತ್‌ನ ಸಾಣೆಚಕ್ರದ ಮುಂದೆ ಕುಳಿತ ಕೆಲಸಗಾರನಿಗೆ ಎರಡೂ ಒಂದೇ ಗಡಸಿನ ಕಲ್ಲುಗಳು. ಹಾಗಾದರೆ ವಜ್ರಕ್ಕೆಂದು ನಾವು ಕೊಡುವ ಹಣ ನಿಜವಾಗಿ ಯಾವುದಕ್ಕೆ ಸಲ್ಲುತ್ತಿದೆ? ಅರ್ಥಶಾಸ್ತ್ರದ ತರಗತಿಗಳಲ್ಲಿ ಬಹಳ ಹಳೆಯದಾದ ಈ ಪ್ರಶ್ನೆ ಈಗ ಲಕ್ಷಾಂತರ ಕುಟುಂಬಗಳ ಅನ್ನದ ಪ್ರಶ್ನೆಯಾಗಿ ಬೆಳೆದಿದೆ.

ಮೊದಲು ಸಾಣೆಯ ವಿಷಯ. ಗಣಿಯಿಂದ ಬಂದ ಒರಟು ವಜ್ರವನ್ನು ನೋಡಿದವರಿಗೆ ನಿರಾಸೆಯೇ ಹೆಚ್ಚು. ಅದು ಮಾಸಲು ಗಾಜಿನ ಚೂರಿನಂತೆ, ಕೆಲವೊಮ್ಮೆ ಕಲ್ಲುಸಕ್ಕರೆಯ ತುಂಡಿನಂತೆ ಕಾಣುತ್ತದೆ. ಅದರೊಳಗಿನ ಬೆಳಕನ್ನು ಹೊರತೆಗೆಯುವುದು ಮನುಷ್ಯನ ಕೈ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬ್ರೆಜಿಲ್‌ನಲ್ಲಿ ಗಣಿಗಳು ಪತ್ತೆಯಾಗುವವರೆಗೆ ಜಗತ್ತಿನ ವಜ್ರಗಳೆಲ್ಲ ಹೆಚ್ಚುಕಡಿಮೆ ಭಾರತದಿಂದಲೇ, ಅದರಲ್ಲೂ ಕೃಷ್ಣಾ ನದಿಯ ಆಸುಪಾಸಿನ ಕೊಲ್ಲೂರಿನಂತಹ ಗಣಿಗಳಿಂದ ಹೋಗುತ್ತಿದ್ದವು. ಆದರೆ ವಜ್ರಕ್ಕೆ ಲೆಕ್ಕಾಚಾರದ ಮುಖಗಳನ್ನು ಕೊರೆಯುವ ವಿದ್ಯೆ ಹೆಚ್ಚಾಗಿ ಬೆಳೆದದ್ದು ಯುರೋಪಿನಲ್ಲಿ. ಇದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಪ್ರಾಚೀನ ರತ್ನಶಾಸ್ತ್ರಗಳು ಆರು ಕೋನ, ಎಂಟು ಮುಖಗಳುಳ್ಳ ಸಹಜ ಹರಳನ್ನೇ ಶ್ರೇಷ್ಠವೆಂದು ಎಣಿಸಿದವು. ಹುಟ್ಟಿದ ರೂಪವನ್ನು ಕೆಡಿಸುವುದು ದೋಷವೆನಿಸಿತ್ತು. ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಫ್ರೆಂಚ್ ವ್ಯಾಪಾರಿ ಟಾವೆರ್ನಿಯೆ, ಇಲ್ಲಿಯ ಕುಶಲಕರ್ಮಿಗಳು ನಿರ್ಮಲವಾದ ಕಲ್ಲಿಗೆ ಬರಿದೇ ಹೊಳಪು ಕೊಟ್ಟು ಬಿಡುತ್ತಾರೆಂದೂ, ಕಲೆ ಇರುವ ಕಲ್ಲಿಗೆ ಮಾತ್ರ ಅದನ್ನು ಮರೆಮಾಚಲು ಅನೇಕ ಮುಖಗಳನ್ನು ಕೊರೆಯುತ್ತಾರೆಂದೂ ಬರೆದಿಟ್ಟಿದ್ದಾನೆ. ಇಲ್ಲಿ ತೂಕಕ್ಕೆ ಮರ್ಯಾದೆ, ಅಲ್ಲಿ ಬೆಳಕಿಗೆ.

ಈ ಎರಡು ದೃಷ್ಟಿಗಳು ನೇರವಾಗಿ ಮುಖಾಮುಖಿಯಾದದ್ದು ಕೊಹಿನೂರಿನ ಮೇಲೆ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅದನ್ನು ನೋಡಲು ಮುಗಿಬಿದ್ದ ಜನ, ಅದರಲ್ಲಿ ನಿರೀಕ್ಷಿಸಿದ ಹೊಳಪಿಲ್ಲವೆಂದು ಗೊಣಗಿಕೊಂಡು ಹಿಂತಿರುಗಿದರು. ಮರುವರ್ಷ ರಾಣಿಯ ಪತಿ ಆಲ್ಬರ್ಟ್ ಅದನ್ನು ಮತ್ತೆ ಕೊರೆಸಲು ಆಮ್‌ಸ್ಟರ್‌ಡ್ಯಾಮಿನಿಂದ ಕುಶಲಿಗಳನ್ನು ಕರೆಸಿದರು. ಉಗಿಯಂತ್ರದಿಂದ ತಿರುಗುವ ಚಕ್ರದ ಮೇಲೆ 38 ದಿನಗಳ ಕೆಲಸ, 8 ಸಾವಿರ ಪೌಂಡ್ ಖರ್ಚು. ಸುಮಾರು 190 ಕ್ಯಾರೆಟ್ ಇದ್ದ ಕಲ್ಲು ಕೊನೆಗೆ 105.6 ಕ್ಯಾರೆಟ್‌ಗೆ ಇಳಿಯಿತು. ವಸಾಹತುಶಾಹಿಯ ಲೂಟಿಯ ಬಗ್ಗೆ ನಾವು ಆಗಾಗ ಮಾತನಾಡುತ್ತೇವೆ. ಲೂಟಿಯಾದ ವಸ್ತುವಿನ ಹತ್ತಿರಹತ್ತಿರ ಅರ್ಧ ಭಾಗ ಸಾಣೆಯ ಪುಡಿಯಾಗಿ ಹೋದದ್ದರ ಬಗ್ಗೆ ಯಾರೂ ಹೇಳುವುದಿಲ್ಲ.

ಹೀಗೆ ತೂಕವನ್ನು ಬಲಿಕೊಡುವುದರ ಹಿಂದಿನ ಗಣಿತವನ್ನು ಪೂರ್ತಿಯಾಗಿ ಬಿಡಿಸಿಟ್ಟವನು ಆಂಟ್ವರ್ಪಿನ ವಜ್ರ ಕೊರೆಯುವ ಮನೆತನದ ಮಾರ್ಸೆಲ್ ಟೋಲ್ಕೊವ್ಸ್ಕಿ. ಎಂಜಿನಿಯರಾದ ಆತ 1919ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಈ ಕಸುಬಿನ ಮೂಲಗ್ರಂಥ. ತತ್ತ್ವ ಸರಳವಾದದ್ದು. ಬೆಳಕು ವಜ್ರದೊಳಗೆ ಹೊಕ್ಕರೆ ಹೊರಬರುವುದು ಕಷ್ಟ. ಒಳಗಿನಿಂದ ಮೇಲ್ಮೈಯನ್ನು ತಾಕುವ ಕಿರಣ, ಲಂಬದಿಂದ ಸುಮಾರು ಇಪ್ಪತ್ತನಾಲ್ಕೂವರೆ ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಕನ್ನಡಿಗೆ ತಾಗಿದಂತೆ ಮರಳಿ ಒಳಕ್ಕೇ ಚಿಮ್ಮುತ್ತದೆ. ಗಾಜಿಗೆ ಈ ಕೋನ ನಲವತ್ತೊಂದು ಡಿಗ್ರಿ. ಆದ್ದರಿಂದ ಗಾಜಿನಿಂದ ಬೆಳಕು ಸುಲಭವಾಗಿ ಸೋರಿಹೋಗುತ್ತದೆ. ವಜ್ರದ ತಳಭಾಗದ ಮುಖಗಳನ್ನು ಸುಮಾರು 40.75 ಡಿಗ್ರಿ ಓರೆಯಲ್ಲಿಯೂ ಮೇಲ್ಭಾಗದ ಮುಖಗಳನ್ನು 34.5 ಡಿಗ್ರಿ ಓರೆಯಲ್ಲಿಯೂ ಕೊರೆದರೆ, ಮೇಲಿನಿಂದ ಹೊಕ್ಕ ಬೆಳಕು ಒಳಗೆ ಎರಡು ಸಲ ಪುಟಿದು ಮೇಲಿನಿಂದಲೇ, ಬಣ್ಣಬಣ್ಣವಾಗಿ ಒಡೆದು ಹೊರಬರುತ್ತದೆ. ತಳ ತೀರ ಚಪ್ಪಟೆಯಾದರೆ ಕಲ್ಲು ಮೀನಿನ ಕಣ್ಣಿನಂತೆ ಸಪ್ಪೆ. ತೀರ ಆಳವಾದರೆ ನಡುವೆ ಮೊಳೆಯ ತಲೆಯಂತಹ ಕಪ್ಪು. ದುಂಡು ವಜ್ರವೊಂದಕ್ಕೆ ಒಟ್ಟು 57 ಮುಖಗಳು: ಮೇಲೆ ಚಪ್ಪಟೆಯಾದ ಟೇಬಲ್ ಒಂದು, ಅದರ ಸುತ್ತ 32, ನಡುಪಟ್ಟಿಯ ಕೆಳಗೆ 24. ತುದಿಯನ್ನೂ ಸವರಿದರೆ 58. ಒಂದು ಕ್ಯಾರೆಟ್ ಎಂದರೆ ಐದನೇ ಒಂದು ಗ್ರಾಮ್. ಅಕ್ಕಿಕಾಳಿನಷ್ಟೂ ಇಲ್ಲದ ಹರಳುಗಳಲ್ಲಿ ಈ 57 ಮುಖಗಳನ್ನೂ ಒಂದಕ್ಕೊಂದು ತುದಿ ಕೂಡುವಂತೆ ಕೊರೆಯುವ ಜನ ನಮ್ಮ ದೇಶದಲ್ಲಿದ್ದಾರೆ.

ವಜ್ರವನ್ನು ವಜ್ರವೇ ಕೊಯ್ಯಬೇಕು ಎಂಬ ನಾಣ್ಣುಡಿ ಇಲ್ಲಿ ಅಕ್ಷರಶಃ ನಿಜ. ಎರಕದ ಕಬ್ಬಿಣದ ಚಕ್ರಕ್ಕೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿಯನ್ನು ಸವರಿ, ತಿರುಗುವ ಆ ಚಕ್ರಕ್ಕೆ ಕಲ್ಲನ್ನು ಒತ್ತಿಹಿಡಿಯುತ್ತಾರೆ. ಸೂರತ್‌ನಲ್ಲಿ ಇದಕ್ಕೆ ಘಂಟಿ ಎಂದು ಹೆಸರು, ಅಂದರೆ ಬೀಸುಕಲ್ಲು. ಮರಕ್ಕೆ ಎಳೆ ಇರುವಂತೆ ವಜ್ರಕ್ಕೂ ಎಳೆ ಉಂಟು. ಒಂದು ದಿಕ್ಕಿನಲ್ಲಿ ಸವೆಯುವ ಮುಖ ಇನ್ನೊಂದು ದಿಕ್ಕಿನಲ್ಲಿ ಚಕ್ರವನ್ನೇ ಸವೆಸುತ್ತದೆ. ಈ ಎಳೆಯನ್ನು ಕೈಬೆರಳಿನ ಅದುರುವಿಕೆಯಿಂದ, ಚಕ್ರದ ಸದ್ದಿನಿಂದ ಅರಿಯುವುದೇ ಕಸುಬಿನ ಗುಟ್ಟು. ಈಗ ಕಲ್ಲಿನ ಒಳಗಣ ಕಲೆಗಳನ್ನು ಅಳೆದು, ಎಲ್ಲಿ ಕೊಯ್ದರೆ ಎಷ್ಟು ಉಳಿಯುತ್ತದೆಂದು ಹೇಳುವ ಗಣಕಯಂತ್ರಗಳು ಬಂದಿವೆ; ಕೊಯ್ಯುವ ಕೆಲಸವನ್ನು ಲೇಸರ್ ವಹಿಸಿಕೊಂಡಿದೆ. ಆದರೂ ಕೊನೆಯ ಹೊಳಪು ಬಹುಮಟ್ಟಿಗೆ ಮನುಷ್ಯನ ಕೈಯಲ್ಲೇ ಉಳಿದಿದೆ.

ಪ್ರಯೋಗಾಲಯದ ವಜ್ರಕ್ಕೆ ಬರೋಣ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು 1954ರ ಡಿಸೆಂಬರಿನಲ್ಲಿ ಇಂಗಾಲದಿಂದ ವಜ್ರ ಮಾಡಿ, 1955ರಲ್ಲಿ ಜಗತ್ತಿಗೆ ಸಾರಿದರು; ಸ್ವೀಡನ್ನಿನ ಒಂದು ತಂಡ 1953ರಲ್ಲೇ ಇದನ್ನು ಸಾಧಿಸಿ ಸುಮ್ಮನಿತ್ತು. ಇಂದು ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ವಾತಾವರಣದ ಒತ್ತಡದ ಐವತ್ತು ಅರವತ್ತು ಸಾವಿರ ಪಟ್ಟು ಒತ್ತಡ, 1,300ರಿಂದ 1,600 ಡಿಗ್ರಿ ಉಷ್ಣತೆಯಲ್ಲಿ, ಕರಗಿದ ಲೋಹದ ಮೂಲಕ ಇಂಗಾಲ ಹರಿದು ಒಂದು ಪುಟ್ಟ ವಜ್ರಬೀಜದ ಮೇಲೆ ಕೂಡುತ್ತದೆ. ಭೂಗರ್ಭದ ಸ್ಥಿತಿಯ ಅನುಕರಣೆ ಇದು. ಚೀನಾದ ಹೆನಾನ್ ಪ್ರಾಂತ್ಯದ ಕಾರ್ಖಾನೆಗಳು ಇದರಲ್ಲಿ ಮುಂದು. ಎರಡನೆಯದರಲ್ಲಿ ಒತ್ತಡವೇ ಬೇಕಿಲ್ಲ. ನಿರ್ವಾತ ಕೋಣೆಯೊಂದರಲ್ಲಿ ತೆಳುವಾದ ವಜ್ರದ ಬಿಲ್ಲೆಗಳನ್ನಿಟ್ಟು, ಮೀಥೇನ್ ಮತ್ತು ಜಲಜನಕ ಅನಿಲಗಳನ್ನು ಹರಿಸಿ ಮೈಕ್ರೋವೇವಿನಿಂದ ಕಾಯಿಸಿದರೆ, ಇಂಗಾಲದ ಪರಮಾಣುಗಳು ಪದರ ಪದರವಾಗಿ ಬಿಲ್ಲೆಯ ಮೇಲೆ ಇಳಿಯುತ್ತವೆ. ಕೆಲವು ವಾರಗಳಲ್ಲಿ ಕೊರೆಯಲು ಸಾಕಾಗುವಷ್ಟು ಕಲ್ಲು ಸಿದ್ಧ. ಸೂರತ್ ಹೆಚ್ಚಾಗಿ ನೆಚ್ಚಿರುವುದು ಈ ವಿಧಾನವನ್ನು. ಭೂಮಿಯೊಳಗೆ ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ, ನೂರು ಕೋಟಿ ವರ್ಷಗಳಿಗೂ ಹಿಂದೆ ರೂಪುಗೊಂಡದ್ದಕ್ಕೂ ಇದಕ್ಕೂ ರಾಸಾಯನಿಕವಾಗಿ ವ್ಯತ್ಯಾಸವಿಲ್ಲ. ಆದ್ದರಿಂದ ಇದನ್ನು ನಕಲಿ ಎನ್ನುವುದು ತಪ್ಪು. ನಮ್ಮಲ್ಲಿ ಅಮೆರಿಕನ್ ಡೈಮಂಡ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಕ್ಯೂಬಿಕ್ ಜಿರ್ಕೋನಿಯಾ ಬೇರೆ ವಸ್ತು. ಅದರಲ್ಲಿ ಇಂಗಾಲವೇ ಇಲ್ಲ.

ಸಾಣೆಯ ದೃಷ್ಟಿಯಿಂದ ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಗಣಿಯ ಕಲ್ಲು ಒಂದರಂತೆ ಇನ್ನೊಂದಿರುವುದಿಲ್ಲ. ಪ್ರತಿ ಕಲ್ಲಿಗೂ ಹೊಸ ಆಲೋಚನೆ ಬೇಕು, ತಪ್ಪಿದರೆ ಲಕ್ಷಗಟ್ಟಲೆ ನಷ್ಟ. ಪ್ರಯೋಗಾಲಯದ ಕಲ್ಲಾದರೋ ಚೌಕದ ತುಂಡಾಗಿ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬರುತ್ತದೆ. ಅಂಚಿನ ಕರಿಯ ಪದರವನ್ನು ಲೇಸರಿನಿಂದ ಕತ್ತರಿಸಿದರೆ ಮುಂದಿನದು ಹೆಚ್ಚಾಗಿ ಅಭ್ಯಾಸದ ಕೆಲಸ. ಹಾಗೆ ಅಭ್ಯಾಸವಾದದ್ದನ್ನು ಯಂತ್ರಕ್ಕೆ ಕಲಿಸುವುದು ಸುಲಭ.

ವಸ್ತು ಒಂದೇ ಆದ ಮೇಲೆ ಬೆಲೆ ಬೇರೆಯೇಕೆ? ಆಡಂ ಸ್ಮಿತ್ 1776ರಲ್ಲಿ ಎತ್ತಿದ ಪ್ರಶ್ನೆ ಅರ್ಥಶಾಸ್ತ್ರದ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಬದುಕಿಗೆ ಅತ್ಯಗತ್ಯವಾದ ನೀರು ಅಗ್ಗ, ಏನಕ್ಕೂ ಬಾರದ ವಜ್ರ ದುಬಾರಿ, ಏಕೆ? ಸುಮಾರು ಒಂದು ನೂರು ವರ್ಷಗಳ ಬಳಿಕ ಜೆವನ್ಸ್, ಮೆಂಗರ್, ವಾಲ್ರಾ ಎಂಬ ಮೂವರು ಬೇರೆಬೇರೆಯಾಗಿ ಇದಕ್ಕೆ ಉತ್ತರ ಕಂಡುಕೊಂಡರು. ಬೆಲೆಯನ್ನು ತೀರ್ಮಾನಿಸುವುದು ಒಟ್ಟು ಉಪಯುಕ್ತತೆಯಲ್ಲ, ಕೊನೆಯ ಒಂದು ಅಳತೆಯ ಉಪಯುಕ್ತತೆ. ನೀರು ಹೇರಳ, ವಜ್ರ ವಿರಳ. ದಕ್ಷಿಣ ಆಫ್ರಿಕದಲ್ಲಿ 1867ರ ನಂತರ ವಜ್ರ ರಾಶಿರಾಶಿಯಾಗಿ ಸಿಗತೊಡಗಿದಾಗ ಈ ವಿರಳತೆಯನ್ನು ಕೃತಕವಾಗಿ ಕಾಪಾಡಲು ಹುಟ್ಟಿದ್ದು 1888ರ ಡಿ ಬಿಯರ್ಸ್ ಕಂಪನಿ. ಒಂದು ಶತಮಾನದ ಕಾಲ ಅದು ಜಗತ್ತಿನ ಒರಟು ವಜ್ರವನ್ನು ತನ್ನ ಉಗ್ರಾಣದಲ್ಲಿಟ್ಟು ಅಳೆದೂ ಸುರಿದೂ ಬಿಡುತ್ತಿತ್ತು. ವಜ್ರದ ಉಂಗುರವಿಲ್ಲದೆ ನಿಶ್ಚಿತಾರ್ಥವಿಲ್ಲ ಎಂಬ ನಂಬಿಕೆಯನ್ನು ಜಾಹೀರಾತಿನ ಮೂಲಕ ಬಿತ್ತಿದ್ದೂ ಅದೇ. ಹೀಗೆ ಕಾಯ್ದುಕೊಂಡ ವಿರಳತೆಗೆ ಪ್ರಯೋಗಾಲಯದಲ್ಲಿ ಬೆಲೆಯಿಲ್ಲ. ಇನ್ನೊಂದು ಕೋಣೆ ಕಟ್ಟಿ, ಇನ್ನಷ್ಟು ವಿದ್ಯುತ್ ಕೊಟ್ಟರೆ ಇನ್ನಷ್ಟು ವಜ್ರ.

ಅದರ ಪರಿಣಾಮವೂ ಪಠ್ಯಪುಸ್ತಕದಲ್ಲಿ ಹೇಳಿದಂತೆಯೇ ಆಯಿತು. 2016ರ ಸುಮಾರಿಗೆ ಪ್ರಯೋಗಾಲಯದ ವಜ್ರ ಗಣಿಯದಕ್ಕಿಂತ ಹೆಚ್ಚೆಂದರೆ ಐದನೇ ಒಂದು ಭಾಗ ಅಗ್ಗವಾಗಿತ್ತು. 2024ರ ವೇಳೆಗೆ ಅಂತರ ಶೇ 80–90ಕ್ಕೆ ಮುಟ್ಟಿತು. ಡಿ ಬಿಯರ್ಸ್ ಕಂಪನಿಯೇ 2018ರಲ್ಲಿ ಕ್ಯಾರೆಟ್ಟಿಗೆ 800 ಡಾಲರಿನಂತೆ ಪ್ರಯೋಗಾಲಯದ ವಜ್ರಾಭರಣಗಳನ್ನು ಮಾರತೊಡಗಿ, ಬೆಲೆ ಇನ್ನೂ ಪಾತಾಳಕ್ಕಿಳಿದಾಗ 2025ರಲ್ಲಿ ಆ ಅಂಗಡಿಯನ್ನು ಮುಚ್ಚುವುದಾಗಿ ಘೋಷಿಸಿತು. ಅಗ್ಗವಾದದ್ದು ತನ್ನ ಪಾಡಿಗೆ ಇರಲಿಲ್ಲ. ಗಣಿಯ ವಜ್ರದ ಬೆಲೆಯನ್ನೂ ಕೆಳಗೆಳೆಯಿತು. ಚೀನಾದಲ್ಲಿ ಕುಸಿದ ಬೇಡಿಕೆಯೂ ಇದಕ್ಕೆ ಸೇರಿತು.

ಇತಿಹಾಸದಲ್ಲಿ ಇಂತಹ ಪ್ರಸಂಗ ಹೊಸದಲ್ಲ. ಫ್ರಾನ್ಸಿನ ಆಗಸ್ಟ್ ವೆರ್ನೂಯಿ 1902ರಲ್ಲಿ ಅಲ್ಯೂಮಿನಾ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದಾಗ ರತ್ನಪಡಿ ವ್ಯಾಪಾರಿಗಳು ಗಾಬರಿಯಾದರು. ಆದರೆ ಬರ್ಮಾದ ಸಹಜ ಮಾಣಿಕ್ಯ ನಾಶವಾಗಲಿಲ್ಲ. ಕಾರಣ, ಎರಡನ್ನೂ ಬೇರೆ ಮಾಡಿ ತಿಳಿಯಲು ಸಾಧ್ಯವಾಯಿತು. ಸಹಜ ಹರಳಿನಲ್ಲಿ ಬೆಳವಣಿಗೆಯ ಗೆರೆಗಳು ನೇರ, ವೆರ್ನೂಯಿ ಹರಳಿನಲ್ಲಿ ಬಿಲ್ಲಿನಂತೆ ಬಾಗಿದವು. ಸಾಣೆಯಿಂದಲೂ ಸುಳಿವು ಸಿಗುತ್ತದೆ ಎಂಬುದು ಸ್ವಾರಸ್ಯಕರ. ಅಗ್ಗದ ಕಲ್ಲಿಗೆ ಹೆಚ್ಚು ಹೊತ್ತು ವ್ಯಯ ಮಾಡುವವರಿಲ್ಲ. ಅವಸರದಲ್ಲಿ ಹೊಳಪು ಕೊಟ್ಟಾಗ ಕಲ್ಲು ಕಾದು ಮುಖದ ಅಂಚಿನಲ್ಲಿ ಸೂಕ್ಷ್ಮ ಬಿರುಕುಗಳೇಳುತ್ತವೆ. ಸಹಜ ಮಾಣಿಕ್ಯವಾದರೆ ಜೈಪುರದ ಕುಶಲಕರ್ಮಿ ಬಣ್ಣ ಎತ್ತ ಗಾಢವಾಗಿದೆ ಎಂದು ತಿರುಗಿಸಿ ತಿರುಗಿಸಿ ನೋಡಿ, ತೂಕವನ್ನೂ ಉಳಿಸಿಕೊಂಡು, ಒಂದು ಮುಖಕ್ಕಾಗಿ ಅರ್ಧ ದಿನ ಯೋಚಿಸಿಯಾನು. ಅಂದರೆ, ಕಲ್ಲಿನ ಬೆಲೆ ಇಳಿದರೆ ಅದರ ಮೇಲೆ ಬೀಳುವ ಶ್ರಮದ ಮರ್ಯಾದೆಯೂ ಇಳಿಯುತ್ತದೆ. ಕೃತಕ ಮಾಣಿಕ್ಯ ತನ್ನ ದಾರಿ ತಾನು ಹುಡುಕಿಕೊಂಡಿತು: ಕೈಗಡಿಯಾರಗಳ ಬೇರಿಂಗ್ ಆಯಿತು, 1960ರಲ್ಲಿ ಜಗತ್ತಿನ ಮೊದಲ ಲೇಸರ್ ಕಿರಣ ಹೊಮ್ಮಿದ್ದೂ ಅದರಿಂದಲೇ.

ಮುತ್ತಿನ ಕಥೆ ಇದಕ್ಕೆ ವಿರುದ್ಧವಾದದ್ದು. ಜಪಾನಿನಲ್ಲಿ ಮಿಕಿಮೊಟೊ ಕೃಷಿ ಮುತ್ತನ್ನು ಬೆಳೆಸಿ ಜಗತ್ತಿನ ಮಾರುಕಟ್ಟೆಗೆ ತಂದ ಮೇಲೆ, 1930ರ ಆರ್ಥಿಕ ಕುಸಿತವೂ ಜತೆಗೂಡಿ, ಕೊಲ್ಲಿ ದೇಶಗಳಲ್ಲಿ ಮುತ್ತಿಗಾಗಿ ಸಮುದ್ರಕ್ಕೆ ಧುಮುಕುತ್ತಿದ್ದವರ ಬದುಕು ಒಂದು ತಲೆಮಾರಿನೊಳಗೆ ಮುಗಿಯಿತು. ಬಸ್ರಾ ಮುತ್ತೆಂದರೆ ಇಂದು ನಮ್ಮ ಅಜ್ಜಿಯರ ಬಾಯಿಮಾತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಬಂದಾಗ ಬಿಹಾರದ ನೀಲಿ ಬೆಳೆಗೂ ಇದೇ ಗತಿ. ಚಂಪಾರಣ್ಯದ ರೈತರ ಗೋಳಿಗೆ ಆ ಕುಸಿತವೂ ಒಂದು ಕಾರಣ. ವಜ್ರ ಮಾಣಿಕ್ಯದ ದಾರಿ ಹಿಡಿಯುತ್ತದೋ ಮುತ್ತಿನ ದಾರಿ ಹಿಡಿಯುತ್ತದೋ ಎಂಬುದು ಬೇರ್ಪಡಿಸಿ ತಿಳಿಯುವ ವ್ಯವಸ್ಥೆಯ ಮೇಲೆ ನಿಂತಿದೆ ಎಂದು ನನ್ನ ಅಭಿಪ್ರಾಯ. ಆ ವ್ಯವಸ್ಥೆ ಸುಲಭದ್ದಲ್ಲ. ಆಭರಣದಂಗಡಿಗಳಲ್ಲಿ ಮೊದಲಿಂದ ಬಳಸುವ ಶಾಖ ಪರೀಕ್ಷಕದ ಕಡ್ಡಿ ಎರಡನ್ನೂ ವಜ್ರವೆಂದೇ ಹೇಳುತ್ತದೆ. ಅತಿನೇರಳೆ ಬೆಳಕಿನಲ್ಲಿ ಬೆಳವಣಿಗೆಯ ವಿನ್ಯಾಸವನ್ನು ನೋಡುವ, ಬೆಳಕಿನ ರೋಹಿತವನ್ನು ಅಳೆಯುವ ಯಂತ್ರಗಳು ಬೇಕು. 2012ರಲ್ಲಿ ಆಂಟ್ವರ್ಪಿನ ಪ್ರಯೋಗಾಲಯವೊಂದಕ್ಕೆ ಪರೀಕ್ಷೆಗೆ ಬಂದ ಪೊಟ್ಟಣದಲ್ಲಿ ಗಣಿಯ ವಜ್ರವೆಂದು ಹೇಳಲಾದ ನೂರಾರು ಕಲ್ಲುಗಳು ಪ್ರಯೋಗಾಲಯದವೆಂದು ಪತ್ತೆಯಾದಾಗ ಇಡೀ ವ್ಯಾಪಾರ ಬೆಚ್ಚಿತು. ಸಾಸಿವೆಯಷ್ಟು ಸಣ್ಣ ಕಲ್ಲುಗಳಲ್ಲಿ ಬೆರಕೆ ಇಂದಿಗೂ ತಲೆನೋವೇ.

ಈ ಪಲ್ಲಟದಲ್ಲಿ ಕಳೆದುಕೊಂಡವರು ಯಾರು ಎಂದು ನೋಡಿದರೆ ಎರಡು ಚಿತ್ರಗಳು ಕಣ್ಣಿಗೆ ಬೀಳುತ್ತವೆ. ಒಂದು ಬೋಟ್ಸ್‌ವಾನಾ. 1966ರಲ್ಲಿ ಸ್ವಾತಂತ್ರ್ಯ ಪಡೆದಾಗ ಜಗತ್ತಿನ ಕಡುಬಡ ದೇಶಗಳಲ್ಲಿ ಒಂದಾಗಿದ್ದ ಅದು, ಮರುವರ್ಷ ಒರಾಪಾದಲ್ಲಿ ಸಿಕ್ಕಿದ ವಜ್ರದ ಆದಾಯವನ್ನು ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಹಾಕಿ ಆಫ್ರಿಕದಲ್ಲಿ ಮಾದರಿ ಎನಿಸಿತ್ತು. 2025ರ ಆಗಸ್ಟ್‌ನಲ್ಲಿ ಔಷಧಗಳ ಕೊರತೆಯಿಂದಾಗಿ ಅಲ್ಲಿಯ ಅಧ್ಯಕ್ಷರು ಆರೋಗ್ಯ ತುರ್ತುಸ್ಥಿತಿ ಸಾರಬೇಕಾಯಿತು. ವಜ್ರದ ಆದಾಯದ ಕುಸಿತ ಅದರ ಹಿಂದಿನ ಮುಖ್ಯ ಕಾರಣಗಳಲ್ಲೊಂದು. ಗಣಿಯ ವಜ್ರವೆಂದರೆ ರಕ್ತದ ವಜ್ರ, ಪ್ರಯೋಗಾಲಯದ್ದೇ ಧರ್ಮದ ವಜ್ರ ಎಂದು ಜಾಹೀರಾತು ಕೊಡುವವರು ಈ ದೇಶದ ಹೆಸರು ಹೇಳುವುದಿಲ್ಲ. ಕಲ್ಲಿದ್ದಲಿನ ವಿದ್ಯುತ್ತಿನಿಂದ ವಾರಗಟ್ಟಲೆ ಕಾಯಿಸಿ ಬೆಳೆಸಿದ ಕಲ್ಲು ಹೇಗೆ ಪರಿಸರಸ್ನೇಹಿಯಾದೀತು ಎಂಬುದನ್ನೂ ಹೇಳುವುದಿಲ್ಲ.

ಇನ್ನೊಂದು ಸೂರತ್. ಜಗತ್ತಿನಲ್ಲಿ ಕೊರೆಯಲಾಗುವ ಪ್ರತಿ ಹತ್ತು ವಜ್ರಗಳಲ್ಲಿ ಒಂಬತ್ತು ಈ ಒಂದು ಊರಿನಲ್ಲಿ, ಮತ್ತು ಅದರ ಸುತ್ತಲಿನ ಗುಜರಾತಿನ ಊರುಗಳಲ್ಲಿ ಹೊಳಪು ಪಡೆಯುತ್ತವೆ. ಸೌರಾಷ್ಟ್ರದ ಬರಡು ನೆಲವನ್ನು ಬಿಟ್ಟು ಬಂದ ರೈತ ಕುಟುಂಬಗಳ ಮಕ್ಕಳು, ಆಂಟ್ವರ್ಪಿನವರು ಕೈಚೆಲ್ಲಿದ ಸಣ್ಣ ಕಲ್ಲುಗಳನ್ನು ಕಡಿಮೆ ಕೂಲಿಗೆ ಕೊರೆದು ಕಟ್ಟಿದ ಉದ್ಯಮ ಇದು. ಹಿಂದೆ ಹೀರಾಘಸು, ಅಂದರೆ ವಜ್ರ ಉಜ್ಜುವವನು, ಎಂದು ಕರೆಸಿಕೊಳ್ಳುತ್ತಿದ್ದವರು ಈಗ ರತ್ನಕಲಾಕಾರರು. ಹೆಸರು ದೊಡ್ಡದಾಯಿತು, ಕೂಲಿ ಮಾತ್ರ ಹೆಚ್ಚಿನವರಿಗೆ ಈಗಲೂ ಕಲ್ಲಿನ ಲೆಕ್ಕದಲ್ಲಿ. ಕಲ್ಲು ಬಂದರೆ ಸಂಬಳ, ಬಾರದಿದ್ದರೆ ಇಲ್ಲ. 2023ರ ಡಿಸೆಂಬರ್ 17ರಂದು ಅಲ್ಲಿ ಅಮೆರಿಕದ ಪೆಂಟಗನ್ನಿಗಿಂತಲೂ ದೊಡ್ಡದಾದ ವಜ್ರ ವಿನಿಮಯ ಕೇಂದ್ರದ ಕಟ್ಟಡ ಉದ್ಘಾಟನೆಯಾಯಿತು. ಮರುವರ್ಷದ ಆಗಸ್ಟ್‌ನಲ್ಲಿ ಅಲ್ಲಿಯ ಅತಿ ದೊಡ್ಡ ಸಂಸ್ಥೆಯೊಂದು ತನ್ನ ಐವತ್ತು ಸಾವಿರ ಕೆಲಸಗಾರರಿಗೆ ಹತ್ತು ದಿನಗಳ ರಜೆ ಘೋಷಿಸಿತು, ಕೊರೆಯಲು ಆದೇಶಗಳಿಲ್ಲವೆಂದು. ಭಾರತದ ಹೊಳಪು ಕೊಟ್ಟ ವಜ್ರಗಳ ರಫ್ತು 2021–22ರಲ್ಲಿ ಸುಮಾರು 2,440 ಕೋಟಿ ಡಾಲರ್ ಇದ್ದದ್ದು 2024–25ರಲ್ಲಿ ಸುಮಾರು 1,330 ಕೋಟಿ ಡಾಲರಿಗೆ ಇಳಿಯಿತು. ರಷ್ಯಾದ ವಜ್ರಗಳ ಮೇಲೆ 2024ರಲ್ಲಿ ಜಿ–7 ದೇಶಗಳು ಹೇರಿದ ನಿರ್ಬಂಧ ಒಂದೆಡೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಹಾಕಿದ ಶೇ 50ರ ಸುಂಕ ಇನ್ನೊಂದೆಡೆ. ಕೆಲಸಗಾರರ ಸಂಘ 2024ರಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿಯನ್ನು ತೆರೆಯಬೇಕಾಯಿತು ಎಂಬ ಒಂದು ಸಂಗತಿಯೇ ಪರಿಸ್ಥಿತಿಯನ್ನು ಹೇಳುತ್ತದೆ.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ಆದರೆ ಏನು ಮಾಡಿತು ಎಂಬುದನ್ನು ನೋಡಬೇಕು. 2023ರ ಕೇಂದ್ರ ಬಜೆಟ್ ಪ್ರಯೋಗಾಲಯದ ವಜ್ರವನ್ನು ಉದ್ಯೋಗ ಸೃಷ್ಟಿಯ ಕ್ಷೇತ್ರವೆಂದು ಕರೆದು, ವಜ್ರಬೀಜಗಳ ಮೇಲಿನ ಆಮದು ಸುಂಕವನ್ನು ಶೇ 5ರಿಂದ ಶೂನ್ಯಕ್ಕಿಳಿಸಿತು. ದೇಶೀಯ ಯಂತ್ರಗಳನ್ನೂ ಬೀಜಗಳನ್ನೂ ಅಭಿವೃದ್ಧಿಪಡಿಸಲು ಮದ್ರಾಸಿನ ಐಐಟಿಗೆ ಐದು ವರ್ಷಗಳಿಗೆ 242 ಕೋಟಿ ರೂಪಾಯಿ ಮಂಜೂರಾಯಿತು. ಸರ್ಕಾರಿ ಸೇವೆಯ ದೀರ್ಘ ಅವಧಿಯಲ್ಲಿ 'ಉದ್ಯೋಗ ಸೃಷ್ಟಿ' ಎಂಬ ಪದ ಕಡತದೊಳಗೆ ಎಷ್ಟು ಸಲೀಸಾಗಿ ನುಸುಳುತ್ತದೆಂಬುದನ್ನು ನಾನು ಬಲ್ಲೆ. ವಜ್ರ ಬೆಳೆಸುವ ಕೋಣೆಗೆ ಬೇಕಾದದ್ದು ಬಂಡವಾಳ ಮತ್ತು ವಿದ್ಯುತ್, ಕೆಲಸಗಾರರು ಬೆರಳೆಣಿಕೆಯಷ್ಟು. ಕೆಲಸ ಹುಟ್ಟುವುದು ಸಾಣೆಯಲ್ಲಿ. ಅಲ್ಲಿಯೋ, ಲಕ್ಷ ರೂಪಾಯಿಯ ಕಲ್ಲಿನಲ್ಲಿ ಸಣ್ಣ ಪಾಲಾಗಿದ್ದ ಕೊರೆಯುವ ಕೂಲಿ, ಕಲ್ಲು ಹತ್ತು ಸಾವಿರಕ್ಕೆ ಇಳಿದಾಗ ದೊಡ್ಡ ಪಾಲಾಗಿ ಕಾಣತೊಡಗುತ್ತದೆ. ಆಗ ಮಾಲೀಕನ ಕಣ್ಣು ಮೊದಲು ಬೀಳುವುದು ಆ ಕೂಲಿಯ ಮೇಲೆ. ತಿರುಚಿರಾಪಳ್ಳಿಯ ಸುತ್ತ ಮನೆಮನೆಗಳಲ್ಲಿ ಕೃತಕ ಹರಳು ಕೊರೆದು ಬದುಕುತ್ತಿದ್ದ ಸಾವಿರಾರು ಕುಟುಂಬಗಳು, ಯಂತ್ರದಲ್ಲಿ ಕೊರೆದ ಚೀನಾದ ಕಲ್ಲುಗಳು ಬಂದ ಮೇಲೆ ಕಸುಬು ಬಿಟ್ಟದ್ದು ತೀರ ಹಳೆಯ ಸಂಗತಿಯೇನೂ ಅಲ್ಲ.

ಹಾಗೆಂದು ಐಐಟಿಗೆ ಕೊಟ್ಟ ಹಣ ವ್ಯರ್ಥವೆಂದು ನಾನು ಹೇಳಲಾರೆ. ವಜ್ರ ತಾಮ್ರದ ಐದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಿಸಿಯಾಗುವ ವಿದ್ಯುನ್ಮಾನ ಬಿಲ್ಲೆಗಳನ್ನು ತಣಿಸಲು ಅದಕ್ಕಿಂತ ಉತ್ತಮವಾದ ವಸ್ತು ದುರ್ಲಭ. ಸೂಕ್ಷ್ಮ ಕಾಂತಕ್ಷೇತ್ರಗಳನ್ನು ಅಳೆಯುವ ಸಾಧನಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಸಾರ್ವಜನಿಕ ಹಣ ಆ ದಿಕ್ಕಿಗೆ ಹರಿದರೆ ಬೆಂಗಳೂರಿನಂತಹ ನಗರಗಳಿಗೂ ಅದರಲ್ಲಿ ಪಾಲುಂಟು. ಬೆಲೆ ಕುಸಿಯುತ್ತಿರುವ ಓಲೆ ಉಂಗುರಗಳ ಕಲ್ಲನ್ನು ಇನ್ನಷ್ಟು ಅಗ್ಗ ಮಾಡಲು ತೆರಿಗೆದಾರನ ಹಣ ಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ. ಗುಜರಾತ್ ಸರ್ಕಾರ 2025ರ ಮೇ ತಿಂಗಳಲ್ಲಿ ಕೆಲಸ ಕಳೆದುಕೊಂಡ ರತ್ನಕಲಾಕಾರರ ಮಕ್ಕಳ ಶಾಲಾ ಶುಲ್ಕಕ್ಕೆಂದು ಒಂದು ವರ್ಷಕ್ಕೆ 13,500 ರೂಪಾಯಿಗಳವರೆಗೆ ನೆರವು ಘೋಷಿಸಿತು. ಒಳ್ಳೆಯದೇ. ಆದರೆ ಹಾಜರಿ ಪುಸ್ತಕವಿಲ್ಲದ, ಸಂಬಳ ಚೀಟಿಯಿಲ್ಲದ, ಭವಿಷ್ಯನಿಧಿಯ ಸಂಖ್ಯೆಯಿಲ್ಲದ ಕೆಲಸಗಾರ ತಾನು ಕೆಲಸ ಕಳೆದುಕೊಂಡದ್ದನ್ನು ಯಾವ ಕಾಗದದಿಂದ ಸಾಬೀತುಪಡಿಸಬೇಕು? ಕೋಟ್ಯಂತರ ರೂಪಾಯಿಯ ಕಲ್ಲುಗಳನ್ನು ಒಂದೊಂದಾಗಿ ತೂಗಿ ಪಟ್ಟಿಯಲ್ಲಿ ಬರೆದುಕೊಳ್ಳುವ ಉದ್ಯಮಕ್ಕೆ ಅವನ್ನು ಕೊರೆದವರ ಹೆಸರು ಬರೆದುಕೊಳ್ಳುವುದು ಕಷ್ಟದ ಕೆಲಸವಾಗಬಾರದು.

ತೆರಿಗೆಯ ಬಗ್ಗೆ ಒಂದು ಮಾತು. ಒರಟು ವಜ್ರಕ್ಕೆ ಶೇ 0.25, ಹೊಳಪು ಕೊಟ್ಟದ್ದಕ್ಕೆ ಶೇ 1.5, ಆಭರಣಕ್ಕೆ ಶೇ 3 ಜಿಎಸ್‌ಟಿ ಇದೆ. ವಿಲಾಸದ ವಸ್ತುವಿಗೆ ಇಷ್ಟು ಹಗುರ ತೆರಿಗೆಯೇ ಎಂದು ಸಾಮಾನ್ಯರು ಕೇಳುವುದು ಸಹಜ. ಬೆಂಕಿಪೊಟ್ಟಣದಲ್ಲಿ ಕೋಟಿ ರೂಪಾಯಿಯ ಸರಕನ್ನು ಒಯ್ಯಬಹುದಾದ ವ್ಯಾಪಾರದಲ್ಲಿ ತೆರಿಗೆ ಹೆಚ್ಚಿಸಿದಷ್ಟೂ ಲೆಕ್ಕದ ಪುಸ್ತಕ ತೆಳುವಾಗುತ್ತದೆ ಎಂಬುದೇ ಅದಕ್ಕೆ ಆಡಳಿತದ ಉತ್ತರ.

ಇನ್ನು ನಮ್ಮ ಮನೆಗಳ ಮಾತು. ಏಳುಕಲ್ಲಿನ ಓಲೆ, ಬೆಂಡೋಲೆ, ಮೂಗುಬೊಟ್ಟು ನಮ್ಮಲ್ಲಿ ಕೇವಲ ಆಭರಣಗಳಾಗಿರಲಿಲ್ಲ. ಕಷ್ಟಕಾಲಕ್ಕೆ ಒದಗುವ ಆಸ್ತಿ ಎಂಬ ನಂಬಿಕೆ ಅವುಗಳ ಹಿಂದಿತ್ತು. ಚಿನ್ನದ ಮಟ್ಟಿಗೆ ಅದು ನಿಜ. ವಜ್ರದ ಮಟ್ಟಿಗೆ ಎಂದೂ ಪೂರ್ತಿ ನಿಜವಾಗಿರಲಿಲ್ಲ. ಕೊಂಡ ಅಂಗಡಿಗೇ ಮರಳಿಸಿದರೂ ಕೊಟ್ಟ ಬೆಲೆ ಬಾರದು. ಪ್ರಯೋಗಾಲಯದ ವಜ್ರಕ್ಕಂತೂ ಮರುಮಾರಾಟದ ಬೆಲೆ ಬಹುತೇಕ ಇಲ್ಲವೆಂದೇ ತಿಳಿದು ಕೊಳ್ಳಬೇಕು. ಚಂದಕ್ಕಾಗಿ ಕೊಳ್ಳುವವರಿಗೆ ಅದರಲ್ಲಿ ಮೋಸವೇನೂ ಇಲ್ಲ. ಮಗಳ ಮದುವೆಗೆ ಲಕ್ಷಗಳನ್ನು ಸಾಲ ಮಾಡಿ ಗಣಿಯ ವಜ್ರ ಕೊಳ್ಳುವ ಬದಲು, ಅದರ ಹತ್ತನೇ ಒಂದು ಪಾಲಿಗೆ ಅದೇ ಹೊಳಪನ್ನು ಕೊಳ್ಳುವ ಮಧ್ಯಮ ವರ್ಗದ ತಂದೆಯ ಲೆಕ್ಕಾಚಾರವನ್ನು ನಾನು ಮೆಚ್ಚುತ್ತೇನೆ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ದೋಷ ನೋಡಿ ಧರಿಸಬೇಕು ಎಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ. ವಜ್ರ ಶುಕ್ರನ ರತ್ನವಂತೆ. ಮೈಕ್ರೋವೇವಿನಲ್ಲಿ ಹುಟ್ಟಿದ ವಜ್ರಕ್ಕೆ ಶುಕ್ರನ ಅನುಗ್ರಹ ಉಂಟೋ ಇಲ್ಲವೋ ಎಂಬುದನ್ನು ಜ್ಯೋತಿಷಿಗಳು ಇನ್ನೂ ಒಮ್ಮತದಿಂದ ತೀರ್ಮಾನಿಸಿದಂತೆ ಕಾಣುವುದಿಲ್ಲ.

ತೀರ್ಮಾನವಾಗಿರುವುದು ಹೆಸರಿನ ವಿಷಯ. 2015ರ ಐಎಸ್‌ಒ 18323 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವಿಶೇಷಣವಿಲ್ಲದೆ ವಜ್ರವೆಂದರೆ ಗಣಿಯ ವಜ್ರವೇ. ಇನ್ನೊಂದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಅಮೆರಿಕದ ವ್ಯಾಪಾರ ಆಯೋಗ 2018ರಲ್ಲಿ ವಜ್ರದ ವ್ಯಾಖ್ಯೆಯಿಂದ 'ನೈಸರ್ಗಿಕ' ಎಂಬ ಪದವನ್ನು ತೆಗೆದರೂ, ಮೂಲವನ್ನು ಹೇಳದೆ ಮಾರುವಂತಿಲ್ಲ ಎಂಬ ಕಟ್ಟಳೆಯನ್ನು ಉಳಿಸಿಕೊಂಡಿತು. ವಜ್ರಗಳಿಗೆ ಬಣ್ಣ, ನಿರ್ಮಲತೆಗಳ ದರ್ಜೆ ಕೊಡುವ ಪದ್ಧತಿಯನ್ನು ರೂಪಿಸಿದ ಅಮೆರಿಕದ ರತ್ನವಿಜ್ಞಾನ ಸಂಸ್ಥೆ ಜಿಐಎ, ಪ್ರಯೋಗಾಲಯದ ಕಲ್ಲುಗಳಿಗೆ ಆ ಸೂಕ್ಷ್ಮ ದರ್ಜೆಗಳನ್ನು ಕೊಡುವುದನ್ನು 2025ರಲ್ಲಿ ನಿಲ್ಲಿಸಿ, ಪ್ರೀಮಿಯಂ ಮತ್ತು ಸ್ಟ್ಯಾಂಡರ್ಡ್ ಎಂಬ ಎರಡೇ ವರ್ಗಗಳನ್ನು ಇಟ್ಟುಕೊಂಡಿತು. ಬೆಳೆಸಿದ ಕಲ್ಲುಗಳು ಬಹುತೇಕ ಎಲ್ಲವೂ ಮೇಲ್ದರ್ಜೆಯವೇ ಆಗಿ ಬರುತ್ತಿರುವಾಗ ದರ್ಜೆಗೆ ಅರ್ಥ ಉಳಿಯುವುದಿಲ್ಲ.

ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದದ್ದು ಮೂರು ಸಂಗತಿ. ರಸೀದಿಯಲ್ಲಿ ವಜ್ರದ ಮೂಲವನ್ನು ಬರೆದುಕೊಡುತ್ತಾರೆಯೇ. ಪ್ರಮಾಣಪತ್ರದ ಸಂಖ್ಯೆ ಕಲ್ಲಿನ ನಡುಪಟ್ಟಿಯ ಮೇಲೆ ಲೇಸರಿನಲ್ಲಿ ಕೆತ್ತಿದ ಸಂಖ್ಯೆಗೆ ಹೊಂದುತ್ತದೆಯೇ. ಮರಳಿ ಕೊಟ್ಟರೆ ಯಾವ ಬೆಲೆಗೆ ತೆಗೆದುಕೊಳ್ಳುತ್ತಾರೆ. ಮೊದಲ ಎರಡಕ್ಕೆ ಒಳ್ಳೆಯ ಅಂಗಡಿಗಳು ಹಿಂಜರಿಯುವುದಿಲ್ಲ. ಮೂರನೆಯದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಅದೂ ಅದೇ ರಸೀದಿಯ ಮೇಲೆ ಬರವಣಿಗೆಯಲ್ಲಿ ಬರಬೇಕು.